ಮಗಳ ಕೈಗೆ ಬುಟ್ಟಿ

‘ಯಾನಾ? ಮಗೀನ ಕೈಗ ಬುಟ್ಟಿ ಕೊಟ್ಟೀರಾ? ನಿಮ್ಗ ತಲ ನೆಟ್ಟಗದಾ?’

ಫೋನಿನ ಆ ತುದಿಯಲ್ಲಿ ಅವ್ವ ರೇಗಿದಳು. ನಂಜನಗೂಡು ಸೀಮೆಯ ನಮ್ಮ ಕೇರಿಯಲ್ಲಿ ಆಗ ಬೆಳಿಗ್ಗೆ ಏಳು ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಮ್ಮ ಬಾಡಿಗೆ ಮನೆಯಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. 2025ರ ಏಪ್ರಿಲ್ ತಿಂಗಳು. ಬಾಬಾಸಾಹೇಬರ ಜಯಂತಿ ಸೋಮವಾರ ಆಗಿತ್ತು. ಆ ವಾರದ ಕೊನೆಗೆ, 20ನೇ ತಾರೀಖು ಭಾನುವಾರ, ಈಸ್ಟರ್ ಹಬ್ಬ.

ನಾವು ಅವ್ವನಿಗೆ ಹೇಳಿದ್ದು ಇಷ್ಟೇ. ಎರಡು ವರ್ಷದ ನಮ್ಮ ಮಗಳು ಹೋಗುವ ಶಿಶುವಿಹಾರದಿಂದ ಚೀಟಿ ಬಂದಿದೆ. ಶನಿವಾರ ಮಕ್ಕಳೆಲ್ಲ ಒಂದೊಂದು ಬುಟ್ಟಿ ತರಬೇಕಂತೆ. ಅದರಲ್ಲಿ ಮನೆಯವರು ತಿನಿಸು, ಆಟದ ಸಾಮಾನು ಇಟ್ಟು ಕಳಿಸಬೇಕಂತೆ. ಅಲ್ಲಿ ಹುಲ್ಲಿನ ಮೇಲೆ ಬಣ್ಣದ ಮೊಟ್ಟೆ ಬಚ್ಚಿಟ್ಟಿರ್ತಾರೆ, ಮಕ್ಕಳು ಅದನ್ನೂ ಹುಡುಕಿ ಆಯ್ದು ಬುಟ್ಟಿಗೆ ಹಾಕ್ಕೋಬೇಕಂತೆ. ಮೊಲ ತಂದಿಟ್ಟ ಮೊಟ್ಟೆ ಅಂತ ಮಕ್ಕಳಿಗೆ ಹೇಳ್ತಾರಂತೆ.

‘ನೆಲದ್ ಮ್ಯಾಲ್ ಬಿದ್ದಿದ್ದ ಆಯ್ಕಳದಾ?’ ಅಂದಳು ಅವ್ವ. ಆಮೇಲೆ ಮಾತಾಡಲಿಲ್ಲ. ಫೋನು ಇಟ್ಟುಬಿಟ್ಟಳು.

ನಾವು ಅಂದರೆ ಗಂಡ ಹೆಂಡತಿ ಇಬ್ಬರು. ಇಬ್ಬರೂ ಹೊಲಗೇರಿಯಲ್ಲಿ ಹುಟ್ಟಿದವರು. ಈ ಬರಹವನ್ನೂ ಇಬ್ಬರೂ ಕೂತೇ ಬರೆದದ್ದು. ಅವ್ವ ಅಂದರೆ ಯಾರ ಅವ್ವ ಅಂತ ಓದುವವರು ಕೇಳಬೇಕಾಗಿಲ್ಲ. ಎರಡು ಮನೆಯ ಅವ್ವಂದಿರದೂ ಒಂದೇ ಕತೆ.

ಆ ಕತೆ ಹೀಗಿದೆ. ಅವ್ವನಿಗೆ ಆಗ ಏಳು ವರ್ಷ. ಊರಲ್ಲಿ ಹಬ್ಬ ಆದ ಮಾರನೇ ದಿನ ಕೇರಿಯ ಹೆಂಗಸರು ಮಕ್ಕಳು ಬುಟ್ಟಿಗೆ ಮುತ್ತುಗದೆಲೆ ಹಾಸಿಕೊಂಡು ಊರೊಳಕ್ಕೆ ಹೋಗಬೇಕಿತ್ತು. ಹಿತ್ತಿಲ ಬಾಗಿಲ ಹತ್ತಿರ ನಿಂತು ಕೂಗಬೇಕಿತ್ತು. ಬುಟ್ಟಿ ನೆಲಕ್ಕಿಟ್ಟು ಹಿಂದಕ್ಕೆ ಸರಿಯಬೇಕಿತ್ತು. ಮನೆಯಾಕೆ ಬಂದು ಉಳಿದ ಅನ್ನ, ಹಳಸಿದ ಸಾರು, ಮುರಿದ ಹೋಳಿಗೆ ಎಲ್ಲಾನೂ ಒಟ್ಟಿಗೇ ಮೇಲಿನಿಂದ ಸುರಿದು ಹೋಗೋಳು. ಬುಟ್ಟಿಗೆ ಬಿದ್ದಷ್ಟು ಬುಟ್ಟಿಗೆ. ನೆಲಕ್ಕೆ ಬಿದ್ದದ್ದನ್ನು ಅವ್ವ ಆಯ್ದುಕೊಳ್ಳಬೇಕು, ಇಲ್ಲಾಂದ್ರೆ ‘ಸೊಕ್ಕು’ ಅಂತ ಬೈಗುಳ. ಸಾರು ಬುಟ್ಟಿಯ ಸಂದಿಯಿಂದ ಸೋರಿ ತಲೆ, ಕತ್ತು, ಬೆನ್ನು ಎಲ್ಲಾ ಇಳಿಯೋದು. ಅವ್ವ ಹಬ್ಬದ ರುಚಿ ಹೇಳೋದಿಲ್ಲ. ಬೆನ್ನ ಮೇಲೆ ಇಳಿದ ಸಾರಿನ ಮಾತು ಮಾತ್ರ ಹೇಳ್ತಾಳೆ.

1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಸೆದ ಎಂಜಲು ಬಿಡಿ ಅಂತ ನಮ್ಮ ಜನಕ್ಕೆ ಹೇಳಿದರು. ಆ ಮಾತು ನಮ್ಮ ಕೇರಿ ಮುಟ್ಟೋಕೆ ಸುಮಾರು ಐವತ್ತು ವರ್ಷ ಬೇಕಾಯಿತು. ಎಪ್ಪತ್ತರ ದಶಕದ ಕೊನೆಗೆ ಸಂಘದ ಹುಡುಗರು ಬಂದು ಕೇರಿಯಲ್ಲಿ ಕೂತು ಮಾತಾಡಿದ ಮೇಲೆ ಬುಟ್ಟಿ ಊರೊಳಕ್ಕೆ ಹೋಗೋದು ನಿಂತಿತು. ಅವ್ವನ ಚಿಕ್ಕಮ್ಮ ಪಟ್ಟಣದ ಪುರಸಭೆಯಲ್ಲಿ ಹೊತ್ತ ಬುಟ್ಟಿ ಬೇರೆ. ಅದರಲ್ಲಿ ಇದ್ದದ್ದು ಮನುಷ್ಯರ ಮಲ. ಅದನ್ನು ಕರ್ನಾಟಕದಲ್ಲಿ ನಿಲ್ಲಿಸೋಕೆ ಬಸವಲಿಂಗಪ್ಪನವರಂಥ ಮಂತ್ರಿ ಬರಬೇಕಾಯಿತು. ದೇಶದ ಕಾನೂನು ಬಂದದ್ದು 1993ರಲ್ಲಿ. ಅದೂ ಸಾಲದೆ 2013ರಲ್ಲಿ ಇನ್ನೊಂದು ಕಾನೂನು.

ಇಂಥ ಮನೆಯ ಮೊಮ್ಮಗಳಿಗೆ ‘ಬುಟ್ಟಿ ಹಿಡ್ಕೊಂಡು ಬಾ’ ಅಂತ ಚೀಟಿ ಬಂದಿತ್ತು. ಬರೆದವರದು ಏನೂ ತಪ್ಪಿಲ್ಲ. ಅವರ ನಾಡಿನಲ್ಲಿ ಬುಟ್ಟಿ ಅಂದರೆ ಖುಷಿ.

ಆ ರಾತ್ರಿ ನಾವು ಬಹಳ ಹೊತ್ತು ಮಾತಾಡಿದೆವು. ಮಗಳನ್ನು ಶನಿವಾರ ಮನೆಯಲ್ಲೇ ಉಳಿಸಿಕೊಳ್ಳೋಣ ಅಂತ ಒಂದು ಸಾರಿ ಅನ್ನಿಸಿತು. ಅಂಗಡಿಯಿಂದ ಪ್ಲಾಸ್ಟಿಕ್ ಹೊದಿಸಿದ ಸಿದ್ಧ ಬುಟ್ಟಿ ತಂದು ಕೈಗೆ ಕೊಟ್ಟು ಸುಮ್ಮನಾಗೋಣ ಅಂತ ಇನ್ನೊಂದು ಸಾರಿ. ಎರಡೂ ಸರಿ ಕಾಣಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ನಮ್ಮವರು ಹೊತ್ತ ಬುಟ್ಟಿಯನ್ನು ಯಾವತ್ತೂ ಬೇರೆಯವರು ತುಂಬಿದರು. ಈ ಬುಟ್ಟಿಯನ್ನು ನಾವೇ ಹೆಣೀಬೇಕು, ನಾವೇ ತುಂಬಬೇಕು.

ಹೆಣೆಯೋಕೆ ಕೂತಾಗ ನಮ್ಮ ಅಜ್ಞಾನ ನಮಗೇ ಗೊತ್ತಾಯಿತು. ತಲೆಮಾರುಗಟ್ಟಲೆ ಬುಟ್ಟಿ ಹೊತ್ತ ಜನ ನಾವು, ಆದರೆ ಒಂದು ಬುಟ್ಟಿ ಹೆಣೆಯೋಕೆ ಬರೋದಿಲ್ಲ. ಊರಲ್ಲಿ ಹೆಣೆಯೋರು ಮೇದರು, ಕೊರಮರು. ಹೊರೋರು ನಾವು. ತುಂಬಿಸಿಕೊಳ್ಳೋ ಕಣಜ ಇನ್ನೊಬ್ಬರದು. ಅದನ್ನು ಮುಟ್ಟದೆ ಮಂತ್ರ ಹೇಳಿ ದಕ್ಷಿಣೆ ತಗೊಂಡು ಹೋಗೋನು ಮತ್ತೊಬ್ಬ. ಒಂದು ಬಿದಿರ ಬುಟ್ಟಿಯನ್ನೂ ಜಾತಿ ನಾಲ್ಕು ಭಾಗ ಮಾಡಿ ಹಂಚಿಬಿಟ್ಟಿತ್ತು. ಹೆಣೆದ ಕೈ ಹೊತ್ತ ತಲೆಯ ಜೊತೆ ಕೂತು ಉಣ್ಣಲಿಲ್ಲ. 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ವಾದಿಸಿದ್ದು ಇದನ್ನೇ. ಕಾಲೇಜಿನಲ್ಲಿ ಓದಿದ್ದೆವು. ಕೈಗೆ ತಿಳಿದದ್ದು ಈಗ.

ಬಿದಿರು ಎಲ್ಲಿಂದ ತರೋದು? ದಿನಸಿ ಅಂಗಡಿಯವರು ಕೊಡೋ ಕಂದು ಕಾಗದದ ಚೀಲಗಳು ಮನೆಯಲ್ಲಿ ರಾಶಿ ಬಿದ್ದಿದ್ದವು. ಎರಡಿಂಚು ಅಗಲದ ಪಟ್ಟಿ ಕತ್ತರಿಸಿ, ಮಡಿಸಿ ಒಂದಿಂಚು ಮಾಡಿದೆವು. ಉದ್ದಕ್ಕೆ ಆರು, ಅಡ್ಡಕ್ಕೆ ಆರು. ಒಂದರ ಮೇಲೆ, ಇನ್ನೊಂದರ ಕೆಳಗೆ. ತಳ ಆದ ಮೇಲೆ ಪಟ್ಟಿಗಳನ್ನು ಮೇಲಕ್ಕೆ ಬಗ್ಗಿಸಿ ಸುತ್ತಲೂ ನಾಲ್ಕು ಸುತ್ತು ಹೆಣೆದೆವು. ಮೊದಲ ಬುಟ್ಟಿ ಬಿಚ್ಚಿಕೊಂಡಿತು. ಎರಡನೆಯದು ಸೊಟ್ಟಗಾಯಿತು. ಮೂರನೆಯದು ನಿಂತಿತು. ಹಿಡಿ ಗಿಡ್ಡಕೆ ಗಟ್ಟಿಯಾಗಿ ಅಂಟಿಸಿದೆವು. ಉದ್ದ ದಾರ, ರಿಬ್ಬನ್ನು ಇಡಬಾರದು, ಎರಡು ವರ್ಷದ ಕೂಸಿನ ಕೊರಳಿಗೆ ಸುತ್ತಿಕೊಳ್ಳಬಹುದು.

ಒಳಗೆ ಹಾಸೋಕೆ ಇಲ್ಲಿ ಎಲ್ಲರೂ ಪ್ಲಾಸ್ಟಿಕ್ಕಿನ ಹಸಿರು ಹುಲ್ಲು ತರ್ತಾರೆ. ಕೂಸುಗಳು ಸಿಕ್ಕಿದ್ದೆಲ್ಲ ಬಾಯಿಗಿಡ್ತವೆ, ಅದು ಬೇಡ ಅಂದುಕೊಂಡೆವು. ಅವ್ವ ಮಗಳು ಹುಟ್ಟಿದಾಗ ಸುತ್ತೋಕೆ ಅಂತ ಕಳಿಸಿದ್ದ ಹಳೇ ನೂಲಿನ ಸೀರೆಯ ತುಂಡು ಇತ್ತು. ತೊಳೆದೂ ತೊಳೆದೂ ಬೆಣ್ಣೆ ಥರಾ ಆಗಿತ್ತು. ಅದನ್ನ ದುಂಡಗೆ ಸುತ್ತಿ ತಳದಲ್ಲಿ ಇಟ್ಟೆವು. ಇಟ್ಟ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅದು ಸಿಂಬಿ. ಬುಟ್ಟಿ ಹೊರೋವಾಗ ತಲೆಯ ಮೇಲೆ ಇಡೋ ಸಿಂಬಿ. ಕೈ ತನಗೆ ತಾನೇ ಸುತ್ತಿಬಿಟ್ಟಿತ್ತು. ಬುಟ್ಟಿಯ ಕೆಳಗೆ ಇರ್ತಿದ್ದದ್ದು ಈಗ ಬುಟ್ಟಿಯ ಒಳಗೆ ಬಂತು.

ಇದರ ಹಿಂದೆ ಇನ್ನೊಂದು ಸಂಗತಿ ಇದೆ. ಈ ಬುಟ್ಟಿ ಮೊದಲು ಬುಟ್ಟಿಯೇ ಆಗಿರಲಿಲ್ಲ, ಗೂಡಾಗಿತ್ತು. ಮೊಟ್ಟೆ ತರೋ ಮೊಲದ ಕತೆ ಜರ್ಮನ್ ಮಾತಾಡುವ ಸೀಮೆಯದು. 1682ರಲ್ಲಿ ಗೇಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನೌ ಅನ್ನೋ ವೈದ್ಯ ಅದರ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದಿದ್ದಾನೆ. ಹದಿನೆಂಟನೇ ಶತಮಾನದಲ್ಲಿ ಆ ಕಡೆಯ ಜನ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲಸಿದಾಗ ಕತೆಯನ್ನೂ ತಂದರು. ಅವರ ಮಕ್ಕಳು ತಮ್ಮ ಟೋಪಿ, ಕುಲಾವಿಗಳನ್ನೇ ಗೂಡು ಮಾಡಿ ಮೂಲೆಯಲ್ಲಿ ಇಡ್ತಿದ್ದರು. ಕಾಲ ಕಳೆದಂತೆ ಆ ಗೂಡೇ ಬುಟ್ಟಿಯಾಯಿತು. ಅಂದರೆ ಅವರೂ ತಲೆಯ ಮೇಲಿನದನ್ನೇ ಕೆಳಗಿಳಿಸಿ ಗೂಡು ಮಾಡಿದವರು. ಟೋಪಿಗೂ ಸಿಂಬಿಗೂ ಇರೋ ಅಂತರ ನಮಗೆ ಗೊತ್ತು. ಆದರೂ ಈ ಸಂಗತಿ ತಿಳಿದಾಗ ಬುಟ್ಟಿ ಸ್ವಲ್ಪ ನಮ್ಮದಾಯಿತು.

ಮೊಟ್ಟೆಗೂ ಒಂದು ಚರಿತ್ರೆ ಇದೆ. ಈಸ್ಟರಿಗೆ ಮೊದಲು ನಲವತ್ತು ದಿನದ ಉಪವಾಸದಲ್ಲಿ ಮಧ್ಯಯುಗದ ಚರ್ಚು ಮೊಟ್ಟೆ ತಿನ್ನೋದನ್ನ ನಿಷೇಧಿಸಿತ್ತು. ಕೋಳಿಗೆ ಏನು ಗೊತ್ತು? ಅದು ಇಡ್ತಾನೇ ಇರ್ತಿತ್ತು. ಹಬ್ಬದ ಹೊತ್ತಿಗೆ ಮೊಟ್ಟೆ ರಾಶಿಯಾಗೋದು. ಇಂಗ್ಲೆಂಡಿನ ಜೀತದ ರೈತರು ಕ್ರಿಸ್‌ಮಸ್ಸಿಗೆ ಕೋಳಿ, ಈಸ್ಟರಿಗೆ ಮೊಟ್ಟೆ ಅಂತ ಒಡೆಯನಿಗೆ ಒಪ್ಪಿಸಬೇಕಿತ್ತು. ಬಿಟ್ಟಿ ನಮ್ಮಲ್ಲಿ ಮಾತ್ರ ಇರಲಿಲ್ಲ. ಎಲ್ಲ ಕಡೆಯೂ ಹಬ್ಬದ ಬುಟ್ಟಿಯೊಳಗೆ ಯಾರದೋ ಬೆವರು ಇದ್ದೇ ಇದೆ.

2025ರಲ್ಲಿ ಅಮೆರಿಕದಲ್ಲಿ ಮೊಟ್ಟೆ ದುಬಾರಿ. ಹಕ್ಕಿಜ್ವರದಿಂದ ಕೋಟಿಗಟ್ಟಲೆ ಕೋಳಿ ಹೋಗಿದ್ದವು. ಮಾರ್ಚಿಯಲ್ಲಿ ಒಂದು ಡಜನ್ನಿನ ಸರಾಸರಿ ಬೆಲೆ 6 ಡಾಲರ್ 23 ಸೆಂಟಿಗೆ ಏರಿತ್ತು. ಕೆಲವರು ಆಲೂಗಡ್ಡೆಗೆ ಬಣ್ಣ ಹಚ್ಚಿ ಹಬ್ಬ ಮಾಡಿದರು. ನಾವು ಒಂದು ಡಜನ್ ಬಿಳಿ ಮೊಟ್ಟೆ ತಂದೆವು. ಬಣ್ಣದ ಪೊಟ್ಟಣ ತರಲಿಲ್ಲ. ಹತ್ತು ಹನ್ನೆರಡು ಈರುಳ್ಳಿಯ ಒಣ ಸಿಪ್ಪೆಯನ್ನು ಅರ್ಧ ಗಂಟೆ ಕುದಿಸಿ ಸೋಸಿ, ಎರಡು ಚಮಚ ವಿನಿಗರ್ ಹಾಕಿ, ಬೇಯಿಸಿದ ಮೊಟ್ಟೆಯನ್ನು ಅದರಲ್ಲಿ ಮುಳುಗಿಸಿದರೆ ಕೆಮ್ಮಣ್ಣಿನ ಬಣ್ಣ ಬರ್ತದೆ. ಪೆನ್ಸಿಲ್ವೇನಿಯಾದ ಹಳೇ ಜರ್ಮನ್ ರೈತರೂ ಈರುಳ್ಳಿ ಸಿಪ್ಪೆಯಲ್ಲೇ ಬಣ್ಣ ಕಟ್ಟಿದವರು. ಅರಿಶಿನದ ನೀರಿನಲ್ಲಿ ಹಳದಿ. ಕೆಂಪು ಎಲೆಕೋಸನ್ನು ಹೆಚ್ಚಿ ಕುದಿಸಿ, ವಿನಿಗರ್ ಬೆರೆಸಿ, ಮೊಟ್ಟೆಯನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆಗೆ ನೀಲಿ. ಕೆಂಪು ಕೋಸಿನಿಂದ ನೀಲಿ ಹೇಗೆ ಬಂತು ಅಂತ ಮಗಳು ಕೇಳಲಿಲ್ಲ, ಅವಳಿಗಿನ್ನೂ ಮಾತು ಎರಡೆರಡು ಪದ. ‘ನೀಲಿ ಮೊಟ್ಟೆ’ ಅಂದಳು. ಗೋಡೆಯ ಮೇಲಿನ ಬಾಬಾಸಾಹೇಬರ ಪಟ ತೋರಿಸಿ ‘ತಾತ ನೀಲಿ’ ಅಂದಳು. ಪಟದಲ್ಲಿ ಅವರ ಕೋಟು ನೀಲಿ.

ಉಳಿದದ್ದನ್ನು ಲೆಕ್ಕ ಹಾಕಿ ಇಟ್ಟೆವು. ಎರಡು ವರ್ಷದ ಮಗುವಿನ ಗಂಟಲು ಕಿರಿದು. ಗಟ್ಟಿ ಮಿಠಾಯಿ, ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಪಾಪ್‌ಕಾರ್ನು ಬೇಡ, ಸಿಕ್ಕಿಹಾಕಿಕೊಳ್ತವೆ. ಆಟದ ಸಾಮಾನು ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರಿದರೆ ಅದು ಈ ವಯಸ್ಸಿನ ಮಗುವಿಗೆ ಆಗೋದಿಲ್ಲ. ಹಾಗಾಗಿ ಹಳೇ ಕಾಲುಚೀಲಕ್ಕೆ ಹತ್ತಿ ತುಂಬಿ ಒಂದು ಮೊಲ ಹೊಲಿದೆವು. ಕಣ್ಣಿಗೆ ಗುಂಡಿ ಇಡದೆ ದಾರದಲ್ಲೇ ಕಸೂತಿ ಹಾಕಿದೆವು. ದಪ್ಪ ಬಳಪ ನಾಲ್ಕು. ರಾಗಿ ಹುರಿಹಿಟ್ಟಿಗೆ ಬೆಲ್ಲ ತುಪ್ಪ ಹಾಕಿ ಕಟ್ಟಿದ ಮೆತ್ತನೆ ಉಂಡೆ ಆರು. ಮನೆಯಲ್ಲೇ ರಟ್ಟಿಗೆ ಚಿತ್ರ ಅಂಟಿಸಿ ಮಾಡಿದ ಒಂದು ಪುಸ್ತಕ: ಅ ಅಂದರೆ ಅವ್ವ. ಮೊಟ್ಟೆ ಮಾತ್ರ ಶನಿವಾರ ಬೆಳಿಗ್ಗೆ ಹೊರಡೋ ಹೊತ್ತಿಗೆ ಇಟ್ಟೆವು. ಬೇಯಿಸಿದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಚಾಕೊಲೇಟ್ ಮೊಲ ಇಡಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದು 2020ರಲ್ಲಿ ಒಂದು ವರದಿ ಕೊಟ್ಟಿತು. ಐವರಿ ಕೋಸ್ಟ್, ಘಾನಾ ದೇಶಗಳ ಕೋಕೋ ಸೀಮೆಯಲ್ಲಿ 2018–19ರ ಹಂಗಾಮಿನಲ್ಲಿ ಸುಮಾರು 15 ಲಕ್ಷ 60 ಸಾವಿರ ಮಕ್ಕಳು ದುಡಿತಿದ್ದರು ಅಂತ ಅದರಲ್ಲಿದೆ. ಒಡೆಯರ ದನ ಕಾಯ್ದು ಬೆಳೆದ ಜೀತದ ಮಕ್ಕಳ ಮಕ್ಕಳು ನಾವು. ಒಂದು ಮೊಲ ಕೊಳ್ಳದಿದ್ದರೆ ಆ ಮಕ್ಕಳ ಬಿಡುಗಡೆ ಆಗೋದಿಲ್ಲ, ಅದು ನಮಗೂ ಗೊತ್ತು. ಆದರೆ ಈ ಬುಟ್ಟಿಯಲ್ಲಿ ಅದು ಬೇಡ ಅಂತ ಇಬ್ಬರಿಗೂ ಅನ್ನಿಸಿತು.

ಶನಿವಾರ ಬಿಸಿಲು ಚೆನ್ನಾಗಿತ್ತು. ಹುಲ್ಲುಹಾಸಿನ ಮೇಲೆ ಮೂವತ್ತು ಮಕ್ಕಳು. ನಮಗೆ ಎದೆ ಹೊಡ್ಕೊಳ್ತಿತ್ತು. ಮಗಳು ಬಗ್ಗಿ ನೆಲದಿಂದ ಮೊದಲ ಮೊಟ್ಟೆ ಎತ್ತಿಕೊಂಡಾಗ ಅವ್ವನ ಬೆನ್ನು ಕಣ್ಣಿಗೆ ಬಂತು. ಆದರೆ ನಮ್ಮ ಮಗಳ ಪಕ್ಕದಲ್ಲೇ ಬಿಳೀ ಮಗುವೂ ಕರೀ ಮಗುವೂ ಬಗ್ಗಿದ್ದವು. ಎಲ್ಲರೂ ಬಗ್ಗಿದ್ದರು. ಯಾರೂ ದೂರ ನಿಂತು ಸುರೀತಿರಲಿಲ್ಲ. ಎರಡಕ್ಕೂ ಇರೋ ಅಂತರ ನಮಗೆ ಅಷ್ಟರಲ್ಲಿ ತಿಳಿಯಿತು.

ಆಮೇಲೆ ಮಕ್ಕಳೆಲ್ಲ ಕೂತು ಬುಟ್ಟಿ ಬಿಚ್ಚಿದರು. ನಮ್ಮ ಮಗಳು ತನ್ನದನ್ನು ತಾನು ತಿನ್ನೋದು ಬಿಟ್ಟು ಒಂದೊಂದೇ ಎತ್ತಿ ಪಕ್ಕದವರ ಬುಟ್ಟಿಗೆ ಹಾಕ್ತಾ ಹೋದಳು. ಆ ವಯಸ್ಸಿನ ಮಕ್ಕಳಿಗೆ ತುಂಬೋದೂ ಖಾಲಿ ಮಾಡೋದೂ ಒಂದೇ ಆಟ. ಒಂದು ನೀಲಿ ಮೊಟ್ಟೆ ಒಬ್ಬ ಕನ್ನಡದವರ ಮಗುವಿನ ಬುಟ್ಟಿಗೆ ಬಿತ್ತು.

ಆ ಕುಟುಂಬ ನಮಗೆ ಮೂರು ವರ್ಷದ ಪರಿಚಯ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರಿದ್ದೇವೆ. ಅಂಥ ಕಡೆ ‘ನಿಮ್ಮ ಕಡೆ ಯಾವ ದೇವರು?’, ‘ನಿಮ್ಮಲ್ಲಿ ಸಾರಿಗೆ ಈರುಳ್ಳಿ ಹಾಕ್ತೀರಾ?’ ಅಂತ ಕೇಳೋರು ಇರ್ತಾರೆ. ಕೇಳೋದು ಅಡುಗೆ, ತಿಳಿಯಬೇಕಾದ್ದು ಜಾತಿ. ನಾವು ಮೂರು ವರ್ಷ ಚಿತ್ರಾನ್ನ ಮಾಡ್ಕೊಂಡು ಹೋಗಿ ತಪ್ಪಿಸಿಕೊಂಡಿದ್ದೆವು. ಅದನ್ನು ಹೇಳೋಕೆ ನಮಗೆ ನಾಚಿಕೆ ಇದೆ, ಆದರೂ ಹೇಳಬೇಕು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ಮನೆಯೊಳಗೆ ಪಾಯಸ ಮಾಡಿದೆವು. ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಅಂಥದೇ ಮಸೂದೆಯನ್ನು ತಳ್ಳಿಹಾಕಿದಾಗ ಮನೆಯೊಳಗೇ ಬೈದುಕೊಂಡೆವು. ಎರಡನ್ನೂ ಹೊರಗೆ ಆಡಲಿಲ್ಲ.

ಆಕೆ ಆ ಮೊಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ನಗುತ್ತಾ ಕೇಳಿದರು: ‘ಓ, ನಿಮ್ಮಲ್ಲಿ ಮೊಟ್ಟೆ ನಡೆಯುತ್ತಾ?’

ಕರ್ನಾಟಕದಲ್ಲಿ 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿ ಮುಂತಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಎದ್ದ ಗದ್ದಲ ನೆನಪಾಯಿತು. ಮಕ್ಕಳ ಮೈಯಲ್ಲಿ ಮಾಂಸ ಇಲ್ಲ, ರಕ್ತ ಇಲ್ಲ ಅಂತ ಕೊಟ್ಟ ಮೊಟ್ಟೆ. ಬೇಡ ಅಂದವರಿಗೆ ಬಾಳೆಹಣ್ಣು ಇತ್ತು. ಆದರೂ ಮಠಗಳಿಂದ ವಿರೋಧ ಬಂತು. ಉಂಡವರು ಹಸಿದವರ ತಟ್ಟೆಯ ಮಡಿ ನೋಡಿದರು. ಆ ಗದ್ದಲವೇ ಈಗ ಎರಡು ಬೆರಳ ನಡುವೆ, ಏಳು ಕಡಲು ದಾಟಿ, ಪೆನ್ಸಿಲ್ವೇನಿಯಾದ ಹುಲ್ಲಿನ ಮೇಲೆ ನಿಂತಿತ್ತು.

‘ನಡೀತದೆ,’ ಅಂದೆವು. ‘ಎಲ್ಲಾ ನಡೀತದೆ. ನಾವು ಹೊಲೇರು.’

ಯಾರು ಮೊದಲು ಅಂದದ್ದು ಅಂತ ಇಬ್ಬರಿಗೂ ಈಗ ನೆನಪಿಲ್ಲ. ಆಕೆಯ ನಗು ಹಾಗೇ ಇತ್ತು. ‘ಅಯ್ಯೋ, ನಾನು ಅದಕ್ಕಲ್ಲ ಕೇಳಿದ್ದು. ನಮ್ಮ ಪಾಪೂಗೆ ಮೊಟ್ಟೆ ಅಲರ್ಜಿ’ ಅಂದು ಮೊಟ್ಟೆಯನ್ನು ನಮ್ಮ ಬುಟ್ಟಿಗೆ ವಾಪಸ್ಸು ಇಟ್ಟರು. ರಾಗಿ ಉಂಡೆಯನ್ನೂ ವಾಪಸ್ಸು ಇಟ್ಟರು.

ಅಲರ್ಜಿ ಇದ್ದರೂ ಇರಬಹುದು. ಎಷ್ಟೋ ಮಕ್ಕಳಿಗೆ ಇರ್ತದೆ. ತಾಯಿಯಾಗಿ ಆಕೆ ಹುಷಾರಾಗಿ ಇರೋದು ಸರಿಯೇ. ಆದರೆ ರಾಗಿ ಉಂಡೆ? ನಾವು ಆ ಇಡೀ ರಾತ್ರಿ ಅದನ್ನೇ ಯೋಚಿಸಿದೆವು. ಜಾತಿ ನಮಗೆ ಮಾಡಿರೋ ದೊಡ್ಡ ಅನ್ಯಾಯ ಇದು. ಒಬ್ಬ ತಾಯಿ ತನ್ನ ಮಗುವಿನ ಬಗ್ಗೆ ಆಡಿದ ಮಾತನ್ನು ನಂಬೋ ಶಕ್ತಿಯನ್ನೂ ಅದು ನಮ್ಮಿಂದ ಕಿತ್ತುಕೊಂಡಿದೆ. ಅವರಿಗೆ ಮರೆತುಹೋಗಿರೋ ಮಾತನ್ನು ನಾವು ರಾತ್ರಿಯೆಲ್ಲ ತಿರುವಿ ತಿರುವಿ ನೋಡಬೇಕು.

ಆದರೂ ಒಂದು ಆಯಿತು. ಮೂರು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. ಮಗಳಿಗೆ ಬುಟ್ಟಿ ಕಟ್ಟೋಕೆ ಹೋಗಿ ನಾವು ನಮ್ಮ ಹೆಸರು ಹೇಳಿದೆವು. ಮುಂದೆ ಅವಳು ಬೆಳೆದು ಕೇಳಿದಾಗ ಚಿತ್ರಾನ್ನದ ಸುಳ್ಳು ಹೇಳೋ ಹಾಗಿಲ್ಲ.

ಇದನ್ನು ಓದುವ ಹಳ್ಳಿಯ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಒಂದು ಮಾತು. 2024ರ ಸೆಪ್ಟೆಂಬರಿನಿಂದ ನಿಮ್ಮ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡೋ ಏರ್ಪಾಟಾಯಿತು. ಮೊಟ್ಟೆ ಕೊಡುವಾಗ ಯಾರು ಯಾರ ಪಕ್ಕ ಕೂರ್ತಾರೆ, ಯಾರು ಸಾಲು ಬಿಟ್ಟು ಏಳ್ತಾರೆ ಅಂತ ಒಂದು ಕಣ್ಣಿಡಿ. ಬಾಳೆಹಣ್ಣು ತಿನ್ನೋ ಮಗುವೂ ಮೊಟ್ಟೆ ತಿನ್ನೋ ಮಗುವೂ ಒಂದೇ ಸಾಲಿನಲ್ಲಿ ಕೂತರೆ ಅದೇ ದೊಡ್ಡ ಪಾಠ. ಮತ್ತೆ, ಹಳೇ ಕಾಗದದಿಂದ ಬುಟ್ಟಿ ಹೆಣೆಯೋದನ್ನ ಎಲ್ಲ ಜಾತಿಯ ಮಕ್ಕಳಿಗೂ ಕಲಿಸಿ. ಹೆಣೆದ ಮೇಲೆ ಯಾರ ಬುಟ್ಟಿಯನ್ನಾದರೂ ಯಾರಾದರೂ ತುಂಬಲಿ.

ಭಾನುವಾರ ರಾತ್ರಿ ಮತ್ತೆ ಅವ್ವನಿಗೆ ಫೋನು ಮಾಡಿದೆವು. ಬುಟ್ಟಿ ತೋರಿಸಿದೆವು. ಕಾಗದದ ಹೆಣಿಗೆ ನೋಡಿ ‘ಸೊಟ್ಟಗದ’ ಅಂದಳು. ಒಳಗಿನ ಸೀರೆ ತುಂಡು ನೋಡಿದಳು. ಗುರುತು ಹಿಡಿದಳು. ಬಹಳ ಹೊತ್ತು ಏನೂ ಅನ್ನಲಿಲ್ಲ. ಹುಲ್ಲಿನ ಮೇಲೆ ನಡೆದದ್ದನ್ನು, ನಾವು ಅಂದದ್ದನ್ನು ಹೇಳಿದೆವು. ಅದಕ್ಕೂ ಏನೂ ಅನ್ನಲಿಲ್ಲ.

ಕೊನೆಗೆ ಕೇಳಿದಳು: ‘ವಾಪಸ್ಸು ಮಡಗುದ್ಲಲ್ಲ ಆ ಮೊಟ್ಟ, ಅದ ಯಾನ್ ಮಾಡುದ್ರಿ?’

‘ಮಗಳೇ ತಿಂದಳು ಅವ್ವಾ. ನೀಲಿ ಸಿಪ್ಪೆ ತಾನೇ ಸುಲ್ಕೊಂಡು ತಿಂದಳು.’

‘ಇನ್ನೊಂದ್ ಬೇಯ್ಸಿ ಕೊಡಿ,’ ಅಂದಳು ಅವ್ವ.